ಹುಳುಮನೆಯ ಹೊಸ್ತಿಲು

ರೇಷ್ಮೆಹುಳುವಿನ ಕರುಳಗೋಡೆ ಪೊಟ್ಯಾಸಿಯಂ ಅನ್ನು ಹೇಗೆ ದಾಟಿಸುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನುಹತ್ತಿ, ಕೋಲಾರದ ಪ್ರಯೋಗಾಲಯದಲ್ಲಿ ವಾಣಿಶ್ರೀಯ ಕೂದಲು ನರೆತುಹೋಗಿತ್ತು. ಕೊಯ್ದು ನೋಡುವ ಹುಳು ಮಾತ್ರ ಯಾವಾಗಲೂ ತಾಯಲೂರಿನ ತಾಯಿಯ ಮನೆಯದೇ. ಹೊರಗಿನ ರೋಗ ಹುಳುಗಳಿಗೆ ಅಂಟೀತೆಂದು, ಹೊಸ್ತಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ಟಬ್ಬಿನಲ್ಲಿ ಕಾಲು ಅದ್ದದೆ ಮುತ್ಯಾಲಮ್ಮ ಹೆತ್ತ ಮಗಳನ್ನೂ ಹುಳುಮನೆಗೆ ಬಿಟ್ಟವಳಲ್ಲ.

ಈ ಸಲ ಟಬ್ಬು ಒಣಗಿತ್ತು. ಒಳಗೆ ತಟ್ಟೆ ತಟ್ಟೆಯಲ್ಲೂ ಹುಳುಗಳು ಹಳದಿಯಾಗಿ ಊದಿ, ಸೊಪ್ಪು ಮುಟ್ಟದೆ ಬಿದ್ದಿದ್ದವು.

"ಇಷ್ಟು ವರ್ಷ ಇವುಗಳ ಹೊಟ್ಟೆ ಕೊಯ್ದು ನೋಡಿದೀಯಲ್ಲ, ಏನಾದ್ರೂ ಮಾಡೋಕಾಗುತ್ತೇನೇ?" ಎಂದಳು ತಾಯಿ.

ಯಾಕೆ ಸಾಯುತ್ತಿವೆ ಎಂದು ವಾಣಿಶ್ರೀ ಗಂಟೆಗಟ್ಟಲೆ ಹೇಳಬಲ್ಲಳು. ಉಳಿಸುವುದು ಹೇಗೆಂಬುದು ಅವಳ ಪ್ರಶ್ನೆಯೇ ಆಗಿರಲಿಲ್ಲ.

"ಇಲ್ಲಮ್ಮ" ಎಂದವಳು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ಕಾಲು ಅದ್ದಲು ನೀರು ಹುಡುಕಿದಳು.

"ಹಾಗೇ ಬಾ ಕಣೇ. ಇನ್ಯಾರಿಗೆ ಅಂಟುತ್ತೆ."