ಆಟೋದಮ್ಮ

ನಗರಸಭೆಯ ಆಟೋದಲ್ಲಿ ಕೇಳಿಬರುತ್ತಿದ್ದ ಹೆಣ್ಣುದನಿ ನನ್ನದು. ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಡಿ ಎಂದು ಬೆಳ್ಳಂಬೆಳಗ್ಗೆ ಊರಿನ ನಿದ್ದೆ ಕೆಡಿಸುತ್ತಿದ್ದವಳು ನಾನೇ. ಕಂದಾಯದ ಕೌಂಟರಿನಲ್ಲಿ ಗುತ್ತಿಗೆ ಮೇಲೆ ಕೂರುತ್ತಿದ್ದ ನನ್ನನ್ನು ಒಂದು ದಿನ ಒಳಗೆ ಕರೆದು, "ನಿಮ್ಮ ದನಿ ಗಟ್ಟಿಯಾಗಿದೆ, ಇದನ್ನ ಓದಿ" ಎಂದು ಒಂದು ಹಾಳೆ ಕೊಟ್ಟು ಮುಂದೆ ಫೋನು ಹಿಡಿದರು. ಅದು ಸಂಗೀತ ಕಲಿತು ಬಂದ ದನಿಯಲ್ಲ, ಕೌಂಟರಿಗೆ ಬಂದವರ ಜೊತೆ ದಿನವೂ ಜಗಳವಾಡಿ ಬಲಿತದ್ದು. ಓದಿಕೊಟ್ಟೆ. ಅವತ್ತಿನಿಂದ ನನ್ನ ದನಿ ಉರಿಗಾಂ, ಕೋರಮಂಡಲ್ ಎಂಬ ಹಳೆಯ ಚಿನ್ನದ ಗಣಿಯ ಬಡಾವಣೆಗಳನ್ನೆಲ್ಲ ಸುತ್ತತೊಡಗಿತು. ಅದಕ್ಕಾಗಿ ನನಗೆ ಹೆಚ್ಚಿಗೆ ಒಂದು ಲೋಟ ಟೀ ಕೂಡ ಯಾರೂ ಕೊಡಲಿಲ್ಲ.

ಕೊರೊನಾ ಬಂದ ಮೇಲೆ ಅದೇ ದನಿಗೆ ಬೇರೆ ಕೆಲಸ ಬಿತ್ತು. ಮೊದಲ ವರ್ಷ ಮಾಸ್ಕು, ಸೋಪು, ಅಂತರ ಎಂದು ಹೇಳುತ್ತಿದ್ದೆ. ಜನ ನಕ್ಕು ಸುಮ್ಮನಾಗುತ್ತಿದ್ದರು. ಎರಡನೇ ಅಲೆಯ ಬೇಸಿಗೆಯಲ್ಲಿ ಯಾರೂ ನಗಲಿಲ್ಲ. ಯಾವ ಬೀದಿ ಸೀಲ್ ಆಗಿದೆ, ಅಂಗಡಿ ಎಷ್ಟು ಹೊತ್ತಿನವರೆಗೆ, ಪರೀಕ್ಷೆ ಎಲ್ಲಿ ಮಾಡುತ್ತಾರೆ, ಜ್ವರ ಬಂದರೆ ಯಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಕಾನೂನು ಕ್ರಮ. ನಾನು ಕನ್ನಡದಲ್ಲಿ ಹೇಳಿದ ಮೇಲೆ ನೈರ್ಮಲ್ಯ ವಿಭಾಗದ ಒಬ್ಬರು ಅದನ್ನೇ ತಮಿಳಿನಲ್ಲಿ ಹೇಳುತ್ತಿದ್ದರು.

ಆಗ ಎಲ್ಲರ ಫೋನಿನಲ್ಲೂ ಸುಳ್ಳು ವಿಡಿಯೊಗಳ ಜಾತ್ರೆ. ಯಾವುದೋ ರಾಜ್ಯದ ಸ್ಮಶಾನ ತೋರಿಸಿ ನಮ್ಮ ಊರಿನದು ಅನ್ನುತ್ತಿದ್ದರು. ಆರೋಗ್ಯ ವಿಭಾಗದ ಸಾಹೇಬರು, "ಮುಚ್ಚಿಟ್ಟಷ್ಟೂ ಜನ ಹೆದರ್ತಾರೆ. ಇರೋ ಲೆಕ್ಕ ಸಾಯಂಕಾಲ ನಾವೇ ಹೇಳಿಬಿಡೋಣ" ಅಂದರು. ನನಗದು ಸರಿ ಅನ್ನಿಸಿತು, ಈಗಲೂ ಸರಿಯೇ ಅನ್ನುತ್ತೇನೆ. ಹಾಗೆ ಪ್ರತಿ ಸಂಜೆ ಹೊಸದಾಗಿ ಎಷ್ಟು ಜನಕ್ಕೆ ಬಂದಿದೆ, ಎಷ್ಟು ಜನ ಗುಣವಾದರು, ಎಷ್ಟು ಜನ ಹೋದರು ಎಂದು ನನ್ನ ದನಿ ಊರಿಗೆ ಹೇಳುತ್ತಿತ್ತು. ಹೆಸರು ಮಾತ್ರ ಹೇಳುವಂತಿರಲಿಲ್ಲ. ಹೆಸರು ಹೇಳಿದರೆ ಆ ಮನೆಯವರಿಗೆ ಯಾರೂ ನೀರು ಕೂಡ ಕೊಡುತ್ತಿರಲಿಲ್ಲ.

ನನ್ನ ಊರು ಕಾಮಸಮುದ್ರದಿಂದ ಆಚೆಗೆ. ಬಸ್ಸು ನಿಂತುಹೋದದ್ದರಿಂದ ಉರಿಗಾಂನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಗಣಿ ಕೆಲಸಗಾರರಿಗೆ ಕಟ್ಟಿದ ಸಾಲುಮನೆಗಳನ್ನು ನಾವು ಲೈನು ಅನ್ನುತ್ತೇವೆ. ಅಂಥ ಒಂದು ಲೈನಿನಲ್ಲಿ ಎರಡು ಪುಟ್ಟ ಕೋಣೆ, ಹಿಂದೆ ತಗಡು ಹೊದಿಸಿದ ಕೊಟ್ಟಿಗೆ, ಎರಡು ಹಸು, ಒಂದು ಕರು. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಹಾಲು ಮಾರಿಯೇ ಬದುಕಿದವಳು. ಸುತ್ತಲಿನ ಲೈನುಗಳಿಗೆಲ್ಲ ಅವಳದೇ ಹಾಲು.

ಚಿಕ್ಕಮ್ಮನ ಲೆಕ್ಕದಲ್ಲಿ ನಾನು ಬೇರೆ, ಆಟೋದಲ್ಲಿ ಮಾತಾಡುವವಳು ಬೇರೆ. ಆಟೋ ನಮ್ಮ ಬೀದಿಗೆ ತಿರುಗಿದ ಕೂಡಲೇ ಶುರು ಮಾಡುತ್ತಿದ್ದಳು. "ಬಂದ್ಲು ನೋಡು ಆಟೋದಮ್ಮ. ಏನ್ ಜಂಬ ಅಂತೀನಿ! ಮೃತಪಟ್ಟಿದ್ದಾರೆ ಅಂತೆ. ಸತ್ರು ಅನ್ನಾಕೆ ಬಾಯಿ ಸವೀತದಾ ಇವ್ಳಿಗೆ?"

"ಸರ್ಕಾರದ್ದು ಅಂಗೇ ಏಳ್ಬೇಕು ಚಿಕ್ಕಮ್ಮಾ" ಅಂದರೆ, "ನೀನ್ಯಾಕೆ ಅವ್ಳ ಪರ ವೈಸ್ಕೊಂಡ್ ಬತ್ತೀಯ?" ಎಂದು ನನಗೇ ಗದರುತ್ತಿದ್ದಳು.

ಊರಿಗೆ ಮಾತ್ರ ಅದು ತಮಾಷೆಯಾಗಿ ಉಳಿದಿರಲಿಲ್ಲ. ಒಂದು ದಿನ ಅಂಗಡಿಯಲ್ಲಿ ಮಾಸ್ಕಿನೊಳಗಿಂದಲೇ "ಕಾಲು ಕೇಜಿ ಮೆಂತ್ಯ ಕೊಡಿ" ಅಂದೆ. ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿ, ಮಗುವನ್ನು ಎಳೆದುಕೊಂಡು ಪಕ್ಕಕ್ಕೆ ಸರಿದಳು. ಅಂಗಡಿಯವನು ದುಡ್ಡು ತೆಗೆದುಕೊಳ್ಳುತ್ತಾ, "ಇವತ್ತು ಎಷ್ಟು ಮೇಡಂ?" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಸಾಯಂಕಾಲ ಆಟೋ ಬರುತ್ತೆ, ಆಗ ಕೇಳಿಸಿಕೋ ಎಂದು ಬಂದುಬಿಟ್ಟೆ.

ಅದಾದ ಕೆಲವು ದಿನಕ್ಕೆ, ಬೆಳಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಹಾಲು ಸೀದ ವಾಸನೆ ಬಂತು. ಮನೆಯೆಲ್ಲ ಹೊಗೆ. ಚಿಕ್ಕಮ್ಮ ಎಲ್ಲೋ ಕೊಟ್ಟಿಗೆಯಲ್ಲಿರಬೇಕು ಅಂದುಕೊಂಡು ಓಡಿದರೆ, ಅವಳು ಒಲೆಯ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು. ತಳ ಹತ್ತಿ ಕರ್ರಗಾದ ಪಾತ್ರೆ ಅವಳ ಕಣ್ಣೆದುರಿಗೇ ಇತ್ತು. ಹಾಲು ಕೆಟ್ಟಿದೆ ಎಂದು ಬಾಯಿಗಿಡುವ ಮೊದಲೇ ಹೇಳುತ್ತಿದ್ದವಳ ಮೂಗು ಅದು.

"ಚಿಕ್ಕಮ್ಮಾ, ಆಲು ಸೀದೋಯ್ತು, ವಾಸ್ನೆ ಬಡೀಲಿಲ್ವಾ?"

ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. "ನೆಗಡಿ ಕಣೇ" ಅಂದಳು.

ಕೈ ಹಿಡಿಯಲು ಹೋದರೆ ಸರ್ರನೆ ಹಿಂದಕ್ಕೆ ಸರಿದಳು. ಆಗ ಎಲ್ಲ ತಿಳಿಯಿತು. ಕರುವಿಗೆ ಹುಷಾರಿಲ್ಲ ಎಂದು ಕೊಟ್ಟಿಗೆಯಲ್ಲೇ ಮಲಗುತ್ತಿದ್ದದ್ದು, ತಟ್ಟೆ ಲೋಟ ಬೇರೆ ಇಟ್ಟುಕೊಂಡದ್ದು, ಹಾಲು ಅಳೆಯುವ ಕೆಲಸ ನನ್ನ ಮೇಲೆ ಹೊರಿಸಿದ್ದು. ಗೊತ್ತಿದ್ದೂ ಮುಚ್ಚಿಟ್ಟಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತು ಅನ್ನುತ್ತಾರಲ್ಲ, ನನ್ನ ಕತೆಯೂ ಅದೇ ಆಯಿತು.

"ಯಾಕ್ ಏಳ್ಲಿಲ್ಲ?" ಎಂದು ಕೂಗಾಡಿದೆ.

"ಏಳಿದ್ರೆ ಆಟೋದಮ್ಮ ಬಂದು ಲೈನ್ ಪೂರ್ತಿ ಕಟ್ಟಾಕ್ತಾಳೆ. ಅಸುಗೆ ಉಲ್ಲು ಯಾರ್ ತತ್ತಾರೆ? ಊರಿಗೆ ಬುದ್ದಿ ಏಳೋಳು ಮನೇಲೇ ಮಡಿಕ್ಕಂಡವ್ಳೆ ಅಂತ ನಿನ್ ಕೆಲ್ಸನೂ ಓಗ್ತದೆ. ಕಷಾಯ ಕುಡೀತೀನಿ, ಓಗು."

ಮಧ್ಯಾಹ್ನದ ಹೊತ್ತಿಗೆ, ಮತ್ತೆ ಕೊಟ್ಟಿಗೆಗೆ ಹೋಗಿ ಮಲಗಿದ್ದ ಅವಳಿಗೆ ಒಂದು ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸಲು ಆಗುತ್ತಿರಲಿಲ್ಲ. "ನೀರು" ಎಂದು ನಿಲ್ಲಿಸಿ, ಎದೆ ಏರಿಳಿದ ಮೇಲೆ "ಕೊಡು" ಅನ್ನುತ್ತಿದ್ದಳು. ನಾನು ಆಂಬುಲೆನ್ಸಿಗೆ ಫೋನು ಮಾಡಿದ್ದೆ. ಬರುತ್ತೇವೆ, ಆದರೆ ಒಲ್ಲೆ ಅನ್ನುವವರನ್ನು ಎತ್ತಿಕೊಂಡು ಹೋಗಲಾಗುವುದಿಲ್ಲ, ಒಪ್ಪಿಸಿಟ್ಟಿರಿ ಎಂದಿದ್ದರು. ಬೇಡಿಕೊಂಡೆ, ಅತ್ತೆ, ಬೈದೆ. ಅವಳು ಗೋಡೆ ಕಡೆ ತಿರುಗಿದಳು. "ಆಸ್ಪತ್ರೆಗ್ ಓದೋರು... ಪ್ಲಾಸ್ಟಿಕ್ನಾಗೆ... ಬತ್ತಾರೆ."

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ನನಗೆ ಮಾತೇ ಮುಗಿದುಹೋಗಿತ್ತು. ಬಾಯಿಗೆ ಬಂದದ್ದು ದಿನವೂ ಓದುತ್ತಿದ್ದದ್ದು. "ಸಾರ್ವಜನಿಕರ ಗಮನಕ್ಕೆ" ಎಂದು ಶುರು ಮಾಡಿದೆ. "ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇರುವವರು ಕೂಡಲೇ ಆಸ್ಪತ್ರೆಗೆ ದಾಖಲಾಗತಕ್ಕದ್ದು. ತಡ ಮಾಡಿದಲ್ಲಿ ಪ್ರಾಣಾಪಾಯ ಸಂಭವಿಸುತ್ತದೆ." ಕೊನೆಯ ಮಾತನ್ನೂ ಬಿಡದೆ ಹೇಳಿದೆ.

ಚಿಕ್ಕಮ್ಮ ಮೆಲ್ಲಗೆ ಈ ಕಡೆ ತಿರುಗಿದಳು. "ನಿನ್ ಬಾಯಿಗ್ ಮಣ್ಣಾಕ" ಅಂದಳು. ನಗಲು ಹೋಗಿ ಕೆಮ್ಮಿದಳು. ತುಂಬಾ ಹೊತ್ತು ಕೆಮ್ಮಿದ ಮೇಲೆ, "ಆ ಕೆಂಪಂಚಿನ್ ಸೀರೆ... ಕೊಡು" ಅಂದಳು. ಬಿಳಿ ಅಂಗಿ ತೊಟ್ಟವರು ಬಂದು ಅವಳನ್ನು ಗಾಡಿಗೆ ಹತ್ತಿಸುವಾಗ, "ಕರುಗೆ ಬಿಡು, ಪೂರ್ತಿ ಕರೀಬ್ಯಾಡ" ಎಂದಷ್ಟೇ ಹೇಳಿದಳು.

ಸಂಜೆಗೆ ನಮ್ಮ ಮನೆ ಮುಂದೆ ಪಟ್ಟಿ ಕಟ್ಟಿದರು. ಪರೀಕ್ಷೆಯಲ್ಲಿ ನನಗೆ ಏನೂ ಇಲ್ಲ ಎಂದು ಬಂದರೂ ಹೊರಗೆ ಕಾಲಿಡುವಂತಿರಲಿಲ್ಲ. ಪ್ರಕಟಣೆಯ ಕೆಲಸ ಮಾತ್ರ ತಪ್ಪಲಿಲ್ಲ. ಸಾಹೇಬರು ಅಂದಿನ ಒಕ್ಕಣೆಯನ್ನು ಫೋನಿಗೆ ಕಳಿಸುತ್ತಿದ್ದರು, ನಾನು ಒಳಗೆ ಕೂತು ಓದಿ ವಾಪಸು ಕಳಿಸುತ್ತಿದ್ದೆ, ಅದನ್ನೇ ಆಟೋದಲ್ಲಿ ಹಾಕುತ್ತಿದ್ದರು.

ಚಿಕ್ಕಮ್ಮನ ಸುದ್ದಿಯೇ ಇಲ್ಲ. ಅವಳ ಪುಟ್ಟ ಫೋನು ಸ್ವಿಚ್ ಆಫ್. ಆಸ್ಪತ್ರೆಯ ನಂಬರು ಯಾವಾಗಲೂ ಬಿಜಿ. ಅಲ್ಲಿನವರಾದರೂ ಏನು ಮಾಡಿಯಾರು, ಊಟಕ್ಕೂ ಪುರುಸೊತ್ತಿರಲಿಲ್ಲವಂತೆ. ಹಿಂದಿನ ಲೈನಿನ ತಮಿಳಿನವನೊಬ್ಬ, ಮದುವೆಯಾಗಿ ಮಕ್ಕಳಿದ್ದವನು, ನಮ್ಮಲ್ಲೇ ವರ್ತನೆಗೆ ಹಾಲು ಕೊಳ್ಳುತ್ತಿದ್ದವನು, ದಿನವೂ ಗೋಡೆಯ ಆಚೆಯಿಂದ ಹಸುಗಳಿಗೆ ಹುಲ್ಲಿನ ಕಂತೆ ಎಸೆಯುತ್ತಿದ್ದ. ಅವನ ತಾಯಿಯನ್ನೂ ಅದೇ ಆಸ್ಪತ್ರೆಗೆ ಸೇರಿಸಿದ್ದರು.

"ಅಕ್ಕಾ, ನೀವು ಆಫೀಸಲ್ಲಿರೋರು. ಏನಾದ್ರೂ ನ್ಯೂಸ್ ಬಂತಾ?" ಎಂದು ಕೂಗುತ್ತಿದ್ದ.

"ಇಲ್ಲಪ್ಪಾ. ನಿಂಗೇನಾದ್ರೂ ತಿಳೀತಾ?" ಎಂದು ನಾನು ಕೇಳುತ್ತಿದ್ದೆ.

ಇಡೀ ಊರಿಗೆ ಸುದ್ದಿ ಹೇಳುವವಳಿಗೆ ತನ್ನ ಮನೆಯ ಸುದ್ದಿ ಗೊತ್ತಿಲ್ಲ. ಒಕ್ಕಣೆ ಬಂದ ಕೂಡಲೇ ಕಣ್ಣು ಕೊನೆಯ ಸಾಲಿಗೇ ಹೋಗುತ್ತಿತ್ತು. "ಇಂದು ಯಾವುದೇ ಸಾವು ಸಂಭವಿಸಿರುವುದಿಲ್ಲ" ಎಂದಿದ್ದರೆ ಉಸಿರು ಬಿಟ್ಟು ಮೊದಲಿನಿಂದ ಓದುತ್ತಿದ್ದೆ.

ಆ ದಿನ ಕೊನೆಯ ಸಾಲು ಬೇರೆಯಾಗಿತ್ತು. "ಇಂದು ಒಬ್ಬ ಮಹಿಳೆ ಮೃತಪಟ್ಟಿದ್ದಾರೆ."

ಕೂಡಲೇ ಸಾಹೇಬರಿಗೆ ಫೋನು ಮಾಡಿದೆ. "ಯಾರು ಸಾರ್? ವಯಸ್ಸೆಷ್ಟು?"

"ನನಗೂ ಗೊತ್ತಿಲ್ಲಮ್ಮ. ನಮಗೆ ಬರೋದು ಸಂಖ್ಯೆ ಮಾತ್ರ, ವಿವರ ಆಮೇಲೆ ಬರುತ್ತೆ. ವಿಚಾರಿಸ್ತೀನಿ. ನೀವು ಓದಿ ಕಳಿಸಿಬಿಡಿ, ಆಟೋಗಳು ಕಾಯ್ತಿವೆ."

ಓದಿದೆ. ಹೇಗೋ ಮುಗಿಸಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನು ಮಾಡಿದರು. "ಅಮ್ಮಾ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಅಳು ಕೇಳಿಸ್ತಿದೆ. ಇದನ್ನ ಹಾಕಿದ್ರೆ ಜನ ಗಾಬರಿಯಾಗ್ತಾರೆ. ಇನ್ನೊಂದು ಸಲ."

"ಯಾರು ಅಂತ ತಿಳಿಯೋವರೆಗೆ ನಾನು ಓದಲ್ಲ ಸಾರ್" ಅಂದೆ. ಅವರು ಬೈಯಲಿಲ್ಲ, ಫೋನು ಇಟ್ಟರು.

ಹಸುಗಳು ಹಾಲು ಕರೆಯುವ ಹೊತ್ತಾಯಿತೆಂದು ಕೂಗುತ್ತಿದ್ದವು. ನಾನು ಎದ್ದೇಳಲಿಲ್ಲ. ಆಸ್ಪತ್ರೆಯ ನಂಬರನ್ನೇ ಒತ್ತುತ್ತಾ ಕೂತೆ. ಅವಳೇ, ಅವಳಲ್ಲದೆ ಇನ್ಯಾರು ಎಂದು ಒಮ್ಮೆ ಅನ್ನಿಸುತ್ತಿತ್ತು. ನಾನೇ ಬಲವಂತ ಮಾಡಿ ಕಳಿಸಿದೆನಲ್ಲ ಎಂದು ಇನ್ನೊಮ್ಮೆ. ಸೀರೆಯ ನೆರಿಗೆ ಸರಿಮಾಡಿಕೊಂಡು ಗಾಡಿ ಹತ್ತಿದ್ದು ಕಣ್ಣಿಗೆ ಕಟ್ಟುತ್ತಿತ್ತು.

ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಎತ್ತಿದೆ, ಹಲೋ ಅನ್ನಲೂ ಬಾಯಿ ಬರಲಿಲ್ಲ.

"ಯಾಕೆ ಮಾತಾಡಲ್ಲ? ನಾನು ಕಣೇ. ಇದು ನರ್ಸಮ್ಮಂದು ಫೋನು. ನನ್ದು ಚಾರ್ಜ್ ಸತ್ತೋಗದೆ. ಅಸುಗೆ ಬೂಸಾ ಆಕ್ದಾ?"

ಮೂಗಿಗೆ ಆಮ್ಲಜನಕದ ಕೊಳವೆ ಇನ್ನೂ ಇದೆಯಂತೆ, ಆದರೆ ಈಗ ಇಡ್ಲಿ ತಿಂದಳಂತೆ, ಉಪ್ಪೇ ಇರಲಿಲ್ಲವಂತೆ. ಬೈಗುಳ ಸೇರಿಸಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ನಾನು ಗೊಳೋ ಎಂದು ಅತ್ತೆ, ನಕ್ಕೆ, ಮತ್ತೆ ಅತ್ತೆ. "ಉಚ್ಚು ಇಡೀತಾ ನಿಂಗೆ?" ಎಂದು ಕೇಳಿ ಅವಳು ಫೋನು ಇಟ್ಟಳು.

ಮುಖ ತೊಳೆದುಕೊಂಡು ಬಂದು ಓದಿದೆ. ಒಂದು ಅಕ್ಷರ ತಡವರಿಸಲಿಲ್ಲ. ಕಳಿಸಿದ ಕೂಡಲೇ ಸಾಹೇಬರಿಂದ ಉತ್ತರ ಬಂತು: "ತುಂಬಾ ಚೆನ್ನಾಗಿ ಬಂದಿದೆ." ಕೊಟ್ಟಿಗೆಗೆ ಹೋಗಿ ಕರುವಿಗೆ ಬೇಕಾದಷ್ಟು ಬಿಟ್ಟು ಉಳಿದದ್ದನ್ನು ಕರೆದೆ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಹಸಿವಾಯಿತು.

ಆಟೋ ನಮ್ಮ ಬೀದಿಗೆ ಬಂದಾಗ ಇನ್ನೂ ಬೆಳಕಿತ್ತು. ನಾನು ಕಿಟಕಿಗೆ ಬಂದೆ. ನನ್ನ ದನಿ ಬರುತ್ತಿತ್ತು, ಆದರೆ ಅದು ಎಂದಿನ ದನಿಯಲ್ಲ. ಮದುವೆಗೆ ಕರೆಯಲು ಬಂದವಳ ದನಿ. "ಇಂದು ಒಬ್ಬ ಮಹಿಳೆ ಮೃತಪಟ್ಟಿದ್ದಾರೆ" ಎಂಬುದನ್ನು ಅದು ಕುಣಿದುಕೊಂಡು ಹೇಳಿತು. ಒಬ್ಬ ಮಹಿಳೆ ಇದ್ದೇ ಇದ್ದಳಲ್ಲ. ಚಿಕ್ಕಮ್ಮ ಅಲ್ಲ ಎಂದು ತಿಳಿದ ಮೇಲೆ, ಹಾಗಾದರೆ ಯಾರು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಹಿಂದಿನ ಲೈನಿನಿಂದ ಅವನು ಬಂದ, ಹುಲ್ಲು ಎಸೆಯುತ್ತಿದ್ದವನು. ಕಾಲಿಗೆ ಚಪ್ಪಲಿ ಇರಲಿಲ್ಲ. ಆಟೋಗೆ ಅಡ್ಡ ನಿಂತು ತಮಿಳಿನಲ್ಲಿ, "ಅಣ್ಣಾ, ಇನ್ನೊರು ವಾಟಿ ಪೋಡುಂಗ" ಅಂದ. ಇನ್ನೊಂದು ಸಲ ಹಾಕಿ ಅಂತ. ಡ್ರೈವರು ಹಿಂದೆ ಮುಂದೆ ನೋಡಿದ. ಅವನು ಕೈ ಮುಗಿದ. ಬೆಳಗ್ಗೆಯೇ ಆಸ್ಪತ್ರೆಯಿಂದ ಫೋನು ಬಂದಿತ್ತಂತೆ. ಮುಖ ತೋರಿಸಲಿಲ್ಲ, ತಮಟೆ ಇಲ್ಲ, ಹೂವಿನ ತೇರು ಕಟ್ಟಲಿಲ್ಲ, ಹೊರಲು ನಾಲ್ಕು ಜನ ಬರಲಿಲ್ಲ. ಅಮ್ಮ ಹೋದಳು ಎಂದು ಊರಿಗೆ ಸಾರಿದ್ದು ಇದೊಂದೇ, ಮೊದಲಿನಿಂದ ಹಾಕಿ ಅಂದ.

ಡ್ರೈವರು ಹಾಕಿದ. ಅವನು ತಲೆ ತಗ್ಗಿಸಿ ನಿಂತು, ಒಂದೊಂದು ಮಾತನ್ನೂ ಕೇಳಿಸಿಕೊಂಡ. ನನ್ನ ಸಂತೋಷ ಆ ಎರಡು ಸ್ಪೀಕರುಗಳಿಂದ ಲೈನುಗಳ ಉದ್ದಕ್ಕೂ ಹರಿಯಿತು. ಅವನಿಗೆ ತಿಳಿಯದಿರಲಿ, ದೇವರೇ, ಅವನಿಗೆ ತಿಳಿಯದಿರಲಿ ಎಂದು ನಾನು ಕಿಟಕಿಯ ಸರಳು ಹಿಡಿದುಕೊಂಡಿದ್ದೆ.

ಮುಗಿದ ಮೇಲೆ ಅವನು ನನ್ನ ಕಡೆ ತಿರುಗಿದ.

"ಚೆನ್ನಾಗಿ ಹೇಳಿದ್ರಿ ಅಕ್ಕಾ" ಅಂದ. "ಎಲ್ಲಾ ಲೈನಿಗೂ ಕೇಳಿಸ್ತು."

ಮನೆಯೊಳಗಿದ್ದ ನಾನು ಮಾಸ್ಕು ಹಾಕಿಕೊಂಡಿರಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ.