ಉಜ್ಜಬಾರದ ಬಿಲ್ಲೆ

ನನಗಾಗ ಅರವತ್ತಮೂರು. ಆರು ವರ್ಷದ ಹಿಂದಿನ ಮಾತು. ಆ ಹುಡುಗಿಯ ಬೆರಳುಗಳು ತುದಿಯಿಂದ ಎರಡನೇ ಗೆಣ್ಣಿನವರೆಗೆ ಕಂದಾಗಿದ್ದವು. ಉಗುರಂತೂ ಸುಟ್ಟ ಹುಣಸೆಬೀಜ. ಮೊದಲ ದಿನ ನೋಡಿ, ಇವಳೂ ನನ್ನ ಹಾಗೆ ಕಾಫಿ ಕುಯ್ದವಳೇ ಇರಬೇಕು ಅಂದುಕೊಂಡೆ. ಹಣ್ಣು ಕುಯ್ಯುವವರ ಕೈಗೆ ಹತ್ತಿದ ಕರೆ ಪಿಕ್ಕಿಂಗ್ ಮುಗಿಯುವ ತನಕ ಬಿಡುವುದಿಲ್ಲ.

"ಯಾವ ಎಸ್ಟೇಟಮ್ಮ ನಿಂದು?" ಎಂದು ಕೇಳಿದೆ.

"ಎಸ್ಟೇಟಲ್ಲ ದೊಡ್ಡಮ್ಮ, ಇದೇ ಲ್ಯಾಬು. ಬಾವಿಗೆ ಹಾಕ್ತಾರಲ್ಲ ನೇರಳೆ ಪುಡಿ, ಅದರ ಕರೆ ಇದು" ಎಂದಳು.

ಚೆಟ್ಟಳ್ಳಿ ಕಡೆ ಪಿಕ್ಕಿಂಗ್ ಮಾಡಿ ಮಾಡಿ ನನ್ನ ಮಂಡಿ ಸವೆದಿತ್ತು. ಇಳಿಜಾರು ಹತ್ತಲಾಗದೆ ಒಂದು ಕಾಲೇಜಿನಲ್ಲಿ ಗುಡಿಸುವ, ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದ್ದೆ. ಅವಳು ಅಲ್ಲಿ ಡಾಕ್ಟರೇಟ್ ಪದವಿಗೆ ಓದುತ್ತಿದ್ದಳು. ಊರು ಕರಿಕೆ. ಅಪ್ಪ ಇಲ್ಲ, ಅವ್ವ ರಬ್ಬರ್ ತೋಟದಲ್ಲಿ ಹಾಲು ತೆಗೆಯುವವಳು.

ಒಳ್ಳೆಯ ಹುಡುಗಿ ಎಂದು ಬರೆಯಲು ನನಗೆ ಮನಸ್ಸಿಲ್ಲ. ಸತ್ತವರೆಲ್ಲ ಒಳ್ಳೆಯವರೇ. ಇವಳಿಗೆ ಬಾಯಿ ಜೋರು. ಲೋಟದಲ್ಲಿ ಒಂದು ಚುಕ್ಕೆ ಉಳಿದಿದ್ದರೆ ತಂದು ನನ್ನ ಮೂಗಿನ ಕೆಳಗೆ ಇಡುತ್ತಿದ್ದಳು. ಊಟಕ್ಕೆ ಒಣಮೀನು ತಂದು ಇಡೀ ಕಾರಿಡಾರಿಗೆ ನಾತ ಹಬ್ಬಿಸುತ್ತಿದ್ದಳು. ಯಾರಾದರೂ ಮೂಗು ಮುಚ್ಚಿದರೆ ಇನ್ನೊಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದಕ್ಕೇ ನನಗೆ ಹಿಡಿಸಿದಳು.

ಅವಳ ಕೆಲಸ ಇಷ್ಟು: ನಾಣ್ಯದಗಲದ, ಸ್ಪಂಜಿನ ಹಾಗೆ ತೂತುತೂತಾದ ಲೋಹದ ಬಿಲ್ಲೆ. ಅದನ್ನು ನೇರಳೆ ನೀರಿನಲ್ಲಿ ಮುಳುಗಿಸಿ, ದಪ್ಪ ಸ್ಟೀಲ್ ಡಬ್ಬಿಯೊಳಗೆ ಬಿಗಿದು, ಕರೆಂಟಿನ ಒಲೆಯಲ್ಲಿ ಇಡುತ್ತಿದ್ದಳು. ಬೆಂದ ಮೇಲೆ ಡಬ್ಬಿಯನ್ನು ಯಾರೂ ಮುಟ್ಟುವಂತಿಲ್ಲ. "ಅವಸರ ಮಾಡ್ಬೇಡಿ, ತಾನಾಗೇ ತಣೀಲಿ" ಅನ್ನುತ್ತಿದ್ದಳು. ಚಾ ಬಿಸಿಯಿದ್ದರೂ ಅದೇ ಮಾತು, ದೊಡ್ಡ ಸಾರ್ ಕೂಗಾಡಿದರೂ ಅದೇ ಮಾತು. ದೊಡ್ಡ ಸಾರ್ ಅಂದರೆ ಆ ಲ್ಯಾಬಿನ ಯಜಮಾನ, ಅವಳಿಗೆ ಪದವಿ ಕೊಡಿಸಬೇಕಾದವನು.

ಡಬ್ಬಿ ತೆರೆದರೆ ಬಿಲ್ಲೆಗೆ ಕಂದು ಹತ್ತಿರುತ್ತಿತ್ತು.

"ಅಲ್ಲ ಕಣೇ, ಇಷ್ಟು ಓದಿ ಕೊನೆಗೆ ತುಕ್ಕು ಹಿಡಿಸೋ ಕೆಲಸನಾ?" ಎಂದು ಒಂದು ದಿನ ಕೇಳಿದೆ.

ಅವಳು ಬೇರೆ ಊರಿನ ದೊಡ್ಡ ಯಂತ್ರದಲ್ಲಿ ತೆಗೆಸಿದ ಫೋಟೋ ತೋರಿಸಿದಳು. ಎಲೆಕೋಸನ್ನು ಅಡ್ಡ ಸೀಳಿದ ಹಾಗಿತ್ತು. ಸಂದಿಲ್ಲದಷ್ಟು ಎಸಳು.

"ಇದೇ ಆ ತುಕ್ಕು ದೊಡ್ಡಮ್ಮ. ಮ್ಯಾಂಗನೀಸ್ ಆಕ್ಸೈಡು. ಕಣ್ಣಿಗೆ ಕಾಣದಷ್ಟು ಸಣ್ಣ ಎಸಳು. ಎಸಳು ಹೆಚ್ಚಿದಷ್ಟೂ ಕರೆಂಟಿಗೆ ಕೂರೋಕೆ ಜಾಗ ಹೆಚ್ಚು."

"ಬ್ಯಾಟ್ರಿ ಅನ್ನು."

"ಬ್ಯಾಟ್ರಿ ಹಸು ಇದ್ದಂಗೆ. ನಿಧಾನಕ್ಕೆ ಮೇಯ್ತದೆ, ನಿಧಾನಕ್ಕೆ ಕೊಡ್ತದೆ. ಇದು ಮಂಗ. ಗಳಿಗೇಲಿ ಕೆನ್ನೆ ತುಂಬ್ಕೊಳ್ತದೆ, ಗಳಿಗೇಲಿ ಉಗೀತದೆ. ಸೂಪರ್‌ಕೆಪಾಸಿಟರ್ ಅಂತಾರೆ."

ಎರಡು ಬಿಲ್ಲೆಗಳ ನಡುವೆ ಒದ್ದೆ ಕಾಗದ ಇಟ್ಟು, ತಂತಿ ಹಚ್ಚಿ ಒಂದು ಗುಟುಕು ಕರೆಂಟು ಕುಡಿಸಿದಳು. ಅಂಥವು ಒಂದೆರಡು ಜೋಡಿಸಿದಾಗ ಸಣ್ಣ ಕೆಂಪು ಬಲ್ಬು ಉರಿಯಿತು. ಅವಳ ಮುಖ ನೋಡಿದೆ. ಮಗು ಹೆತ್ತವಳ ಮುಖ.

ನನಗೆ ಅಕ್ಷರ ಕಲಿಸಿದವಳೂ ಅವಳೇ. ಬಾಟಲಿಯ ಮೇಲೇನಿದೆ ಎಂದು ಗೊತ್ತಿಲ್ಲದೆ ತೊಳೆದರೆ ನಿಮ್ಮ ಕೈ ಹೋಗುತ್ತದೆ ಎಂದು ಬೈದು, ಚೀಟಿಗಳ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದಳು. ನಾನು ಓದಲು ಕಲಿತ ಮೊದಲ ಮಾತು 'ವಿಷ'. ಈಗ ಇದನ್ನು ಬರೆಯುತ್ತಿರುವುದು ಆ ಅಕ್ಷರಗಳಲ್ಲೇ.

ಅವಳ ಚಿಕ್ಕಮ್ಮನ ಮಗಳ ಮದುವೆ ಬಂತು. ಈ ಕೈಯಲ್ಲಿ ಹೇಗೆ ಬಡಿಸಲಿ ಎಂದು ಮುಖ ಗಂಟಿಕ್ಕಿ ಕೂತಿದ್ದಳು. ನಾನು ಮನೆಯಿಂದ ಕಾಚಂಪುಳಿಯ ಗಷ್ಟು ತಂದೆ. ಪಂದಿಕರಿಗೆ ಹಾಕುವ ಕಪ್ಪು ಹುಳಿ. ತಳದ ಗಷ್ಟನ್ನು ನಾವು ಚೆಲ್ಲುವುದಿಲ್ಲ, ಹಿತ್ತಾಳೆ ಚೊಂಬು ಉಜ್ಜಲು ಇಟ್ಟುಕೊಳ್ಳುತ್ತೇವೆ. ಅವಳ ಬೆರಳಿಗೆ ಸವರಿ ತಿಕ್ಕಿದೆ. ನೋಡನೋಡುತ್ತಲೇ ಕಂದು ಬಿಟ್ಟು, ಒಳಗಿನ ಎಳೆ ಬೆರಳು ಕಂಡಿತು.

ಅವಳು ಕೈ ತಿರುಗಿಸಿ ತಿರುಗಿಸಿ ನೋಡಿ ನಕ್ಕಳು. "ದೊಡ್ಡಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಈ ಬಾಟ್ಲಿ ನನ್ನ ಬಿಲ್ಲೆ ಹತ್ರ ತರ್ಬೇಡಿ. ನಾಲ್ಕು ವರ್ಷದ ಕೆಲಸ ನಾಲ್ಕು ಉಜ್ಜಿಗೆ ಹೋಯ್ತದೆ."

ಆ ವರ್ಷವೇ ದೊಡ್ಡ ಸಾರ್ ತನ್ನ ಅಳಿಯನನ್ನು ಲ್ಯಾಬಿಗೆ ತಂದ. ಇಸ್ತ್ರಿ ಮಾಡಿದ ಬಿಳಿ ಕೋಟು, ಸೆಂಟಿನ ವಾಸನೆ. ಒಲೆಯ ಹತ್ತಿರ ಹೋದವನಲ್ಲ. ಸ್ವಲ್ಪ ದಿನದಲ್ಲೇ ಬಿಲ್ಲೆಗಳೆಲ್ಲ ಅಳಿಯನ ಕೆಲಸ ಎಂದು ಕಾಗದದಲ್ಲಿ ಬರೆದಾಯಿತು. ಅವಳು ಸಾರ್ ಕೋಣೆಗೆ ಹೋಗಿ ಕೇಳಿದಳು. ನಾನು ಅಲ್ಲೇ ನೆಲ ಒರೆಸುತ್ತಿದ್ದೆ.

"ನನ್ನ ಹೆಸರು ಎಲ್ಲಿ ಸಾರ್?"

"ನೀನು ಹೇಳಿದ್ದು ಮಾಡಿದೀಯ ಅಷ್ಟೇ. ಅದಕ್ಕೆಲ್ಲ ಹೆಸರು ಹಾಕ್ತಾರಾ?" ಎಂದವನು ನನ್ನ ಕಡೆ ಗದ್ದ ಎತ್ತಿ, "ಹಂಗಾದ್ರೆ ನಾಳೆ ಈ ಬಾಟ್ಲಿ ತೊಳೆಯೋಳೂ ಕೇಳ್ತಾಳೆ" ಎಂದ.

ಅಳಿಯ ನಕ್ಕ. ಅವಳಿಂದ ಬೀಗದ ಕೈ ಕಿತ್ತುಕೊಂಡು ಊರಿಗೆ ಕಳಿಸಿದರು. ಹೊರಡುವಾಗ ನಾನು ಹಲ್ಲು ಕಡಿಯುತ್ತಿದ್ದುದನ್ನು ನೋಡಿ, "ತಣೀಲಿ ದೊಡ್ಡಮ್ಮ, ನನ್ನ ಕೈ ಎಲ್ಲಿ ಹೋಯ್ತದೆ? ಬೇರೆ ಕಡೆ ಮಾಡ್ತೀನಿ" ಎಂದಳು.

ಮಾಡಲಿಲ್ಲ. ಆ ಮಳೆಗಾಲ ಅವ್ವನ ಜೊತೆ ತೋಟಕ್ಕೆ ಹೋಗುತ್ತಿದ್ದವಳಿಗೆ ಇಲಿಜ್ವರ ಹಿಡಿಯಿತು. ಗಡಿ ದಾಟಿ ಕೇರಳದ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಸುದ್ದಿ ಬಂದಾಗ ದೊಡ್ಡ ಸಾರ್ "ಪಾಪ" ಎಂದ. ಚಾ ತರಿಸಿ ಕುಡಿದ.

ತಣಿಯಬೇಕಂತೆ. ನಾನು ತಣಿಯಲಿಲ್ಲ.

ಸ್ವಲ್ಪ ದಿನದ ಮೇಲೆ ಅಳಿಯನ ಕೆಲಸ ನೋಡಲು ಹೊರಗಿನಿಂದ ದೊಡ್ಡವರು ಬರುವುದಿತ್ತು. ಒಪ್ಪಿಗೆಯಾದರೆ ಬಿಲ್ಲೆ ಅವನ ಹೆಸರಿಗೆ. ಹಿಂದಿನ ಮಧ್ಯಾಹ್ನ ಅವನು ಬಂದು, ಬಿಲ್ಲೆಗಳ ತಟ್ಟೆಯನ್ನು ಬಾಟಲಿಗಳ ಜೊತೆ ನನ್ನ ಮುಂದೆ ತಳ್ಳಿದ.

"ಏನಮ್ಮ ಇದು, ಎಲ್ಲ ತುಕ್ಕು ಹಿಡಿದಂಗಿದೆ. ನಾಳೆ ಅವರು ಬರ್ತಾರೆ. ಒಂದೊಂದೂ ಹೊಳೀಬೇಕು."

"ಇವೂನಾ?" ಬೆರಳಿಟ್ಟು ತೋರಿಸಿದೆ.

"ಎಲ್ಲಾನೂ ಅಂದ್ರೆ ಎಲ್ಲಾನೂ. ಕಿವಿ ಕೇಳಲ್ವಾ?"

ಕಿವಿ ಚೆನ್ನಾಗಿ ಕೇಳುತ್ತಿತ್ತು. ಮನೆಗೆ ಹೋಗಿ ಕಾಚಂಪುಳಿ ತಂದೆ.

ಒಂದು ಮಾತು ಬರೆಯಬೇಕು. ಮೊದಲ ಬಿಲ್ಲೆ ಕೈಗೆತ್ತಿಕೊಂಡಾಗ ನನ್ನ ಕೈ ನಿಂತಿತು. ಭೂಮಿಯ ಮೇಲೆ ಅವಳು ಬಿಟ್ಟು ಹೋದದ್ದು ಅದೊಂದೇ. ಅವನ ಹೆಸರಲ್ಲಿ ಉಳಿಯಬೇಕೋ, ಯಾರ ಹೆಸರಲ್ಲೂ ಇಲ್ಲದೆ ಹೋಗಬೇಕೋ? ಹೋಗಲಿ ಎಂದು ಉಜ್ಜಿದೆ. ಎಲೆಕೋಸಿನ ಎಸಳೆಲ್ಲ ಕಂದು ನೀರಾಗಿ ಮೋರಿಗೆ ಇಳಿಯಿತು. ಬಿಲ್ಲೆಗಳು ಮದುಮಗಳ ಕಾಲುಂಗುರದ ಹಾಗೆ ಹೊಳೆದವು. ಒಂದನ್ನು ಮಾತ್ರ ಉಜ್ಜದೆ ಸೆರಗಿಗೆ ಕಟ್ಟಿಕೊಂಡೆ.

ಮರುದಿನ ಬಂದವರು ಮೂವರು. ಅಳಿಯ ತಂತಿ ಹಚ್ಚಿದ. ಬಲ್ಬು ಉರಿಯಲಿಲ್ಲ. ಬೇರೆ ಬಿಲ್ಲೆ ಇಟ್ಟ. ಅದೂ ಇಲ್ಲ. ಅವರಲ್ಲಿದ್ದ ವಯಸ್ಸಾದ ಹೆಂಗಸು ಬಿಲ್ಲೆಯನ್ನು ಬೆಳಕಿಗೆ ಹಿಡಿದು, "ಇದರ ಮೇಲೆ ಏನೂ ಇಲ್ಲವಲ್ಲ. ನಮ್ಮ ಮುಂದೆ ಒಂದು ಮಾಡಿ ತೋರಿಸಿ" ಎಂದರು. ಅಳಿಯ ಮಾವನ ಮುಖ ನೋಡಿದ. ಮಾವ ಒಲೆಯ ಮುಖ ನೋಡಿದ. ನೇರಳೆ ಪುಡಿ ಯಾವ ಕಪಾಟಿನಲ್ಲಿದೆ ಎಂಬುದೂ ಇಬ್ಬರಿಗೂ ಗೊತ್ತಿರಲಿಲ್ಲ. ನಾನು ಚಾ ತಟ್ಟೆ ಹಿಡಿದು ನಿಂತು ಕಣ್ಣು ತುಂಬ ನೋಡಿದೆ. ಅಷ್ಟು ರುಚಿಯಾದದ್ದನ್ನು ನಾನು ಇನ್ನೊಂದು ನೋಡಿಲ್ಲ. ಅವರು ಚಾ ಮುಟ್ಟದೆ ಎದ್ದು ಹೋದರು.

ಅವರು ಹೋದ ಮೇಲೆ ಸಾರ್ ನನ್ನ ಹತ್ತಿರ ಬಂದ. "ಏನು ಹಾಕಿ ತೊಳೆದೆ?"

"ಹೊಳೀಬೇಕು ಅಂದ್ರಲ್ಲ ಸಾರ್, ಹೊಳೆಯೋ ಹಾಗೆ ತೊಳೆದೆ."

"ಬುದ್ಧಿ ಇಲ್ವಾ ನಿನಗೆ?"

"ಬಾಟ್ಲಿ ತೊಳೆಯೋಳಿಗೆ ಬುದ್ಧಿ ಯಾಕೆ ಸಾರ್? ನಾನೂ ಹೇಳಿದ್ದು ಮಾಡಿದೀನಿ ಅಷ್ಟೇ. ಬೇಕಾದ್ರೆ ಇದಕ್ಕೆ ನನ್ನ ಹೆಸರು ಹಾಕ್ಕೊಳ್ಳಿ."

ಕೆಲಸ ಹೋಯಿತು. ಹೋಗಲಿ. ಆ ಅಳಿಯನಿಗೆ ಒಪ್ಪಿಗೆ ಸಿಗಲಿಲ್ಲ ಎಂದು ಆಮೇಲೆ ಕೇಳಿದೆ. ಆ ದಿನ ಮೀನು ತಂದು ಹುರಿದು ತಿಂದೆ. ಪಶ್ಚಾತ್ತಾಪ ಎಂಬುದು ಇವತ್ತಿನವರೆಗೂ ಬಂದಿಲ್ಲ.

ಕೆಲಸ ಹೋದ ಮರುದಿನ ಬೆಳಿಗ್ಗೆ ಮಡಿಕೇರಿಗೆ ಹೋಗಿ, ಅಲ್ಲಿಂದ ಭಾಗಮಂಡಲ ದಾಟಿ ಕರಿಕೆಗೆ ಹೋದೆ. ಅವಳ ಅವ್ವ ರಬ್ಬರ್ ಹಾಲಿನ ಬಕೆಟ್ ತೊಳೆಯುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ಬಿಲ್ಲೆಯನ್ನು ಆಕೆಯ ಅಂಗೈಗಿಟ್ಟೆ. ನಿಮ್ಮ ಮಗಳು ಮಾಡಿದ್ದು ಎಂದೆ. ಆಕೆ ತಿರುಗಿಸಿ ನೋಡಿ, ಅದರ ಕಂದನ್ನು ಒರೆಸಲು ಸೀರೆಯ ತುದಿ ಹಿಡಿದಳು. ನಾನು ಆಕೆಯ ಕೈ ಹಿಡಿದುಕೊಂಡೆ.

"ಇದನ್ನ ಉಜ್ಜಬೇಡಿ" ಎಂದು ಹೇಳಿ, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ.