ಬೆಂಕಿ ಹಚ್ಚಿ ತಂಪು ಕಾಯುವ ಹೊನ್ನಕ್ಕ

ಮಾಗಿಯ ಚಳಿ. ಕೊಂಡ್ಲಹಳ್ಳಿಯಾಚೆ ಶೇಂಗಾ ಕಿತ್ತ ಹೊಲದಲ್ಲಿ ಕುರಿಮಂದೆ ಆಗಲೇ ಎದ್ದು ಕೂಗುತ್ತಿದೆ. ಪಕ್ಕದಲ್ಲಿ ಜೀಪು ಎಳೆದು ತಂದು ನಿಲ್ಲಿಸಿದ, ತಗಡಿನ ಮನೆಯಂಥ ಟ್ರೇಲರ್. ಬಾಗಿಲು ತೆಗೆದ ಹೊನ್ನಕ್ಕ ಒಳಗೆ ಕಾಲಿಡುವುದಿಲ್ಲ. ಬಗ್ಗಿ ನೆಲದ ಹತ್ತಿರ ಮೂಗೊಡ್ಡುತ್ತಾರೆ.

"ಗ್ಯಾಸು ಮೇಲಕ್ಕೆ ಹೋಗಲ್ಲ. ಕಳ್ಳನಂಗೆ ಕೆಳಗೇ ಅವಿತ್ಕೊಂಡಿರ್ತೈತೆ. ಕಡ್ಡಿ ಗೀರೋಕೆ ಮುಂಚೆ ವಿಚಾರಿಸ್ಬೇಕು."

ಟ್ರೇಲರಿನಲ್ಲಿರುವುದು ಗ್ಯಾಸಿನ ಉರಿಯಿಂದ ನಡೆಯುವ ಫ್ರಿಜ್ಜು. ಅದರೊಳಗೆ ಕುರಿಗಳ ಲಸಿಕೆ. ಕರೆಂಟು ನೆಚ್ಚಲಾಗದ ಹಟ್ಟಿಗಳಿಗೆಂದು ಚಳ್ಳಕೆರೆಯ ಕುರಿಗಾರರ ಸಂಘವೊಂದು ಎರಡು ವರ್ಷದ ಹಿಂದೆ, 2003ರಲ್ಲಿ, ಇದನ್ನು ಕೊಂಡಿತು. ಸಂಘದ ಕಚೇರಿಯಲ್ಲಿ ಕಸ ಗುಡಿಸಿ ಚಹಾ ಕಾಸುತ್ತಿದ್ದ ತಳಕಿನ ಹೊನ್ನಕ್ಕನನ್ನು ಕಾವಲಿಗೆ ಹಾಕಿದ್ದು ಅವರ ಅನುಮಾನದ ಬುದ್ಧಿ ನೋಡಿಯೇ. ಗಾಡಿ ಹೊರಡುವ ಮುನ್ನ ಸಿಲಿಂಡರ್ ಬಂದ್ ಆಗಿದೆಯೇ ಎಂದು ಎರಡು ಸಲ ಮುಟ್ಟಿ ನೋಡುತ್ತಾರೆ. ನಿಂತಲ್ಲಿ ನೀರಿನ ತಟ್ಟೆ ಇಟ್ಟು, ನೀರು ವಾಲಿದರೆ ಗಾಲಿಯಡಿ ಕಲ್ಲು ಕೊಡಿಸುತ್ತಾರೆ. ಗಾಡಿ ಓರೆಯಾದರೆ ಈ ಫ್ರಿಜ್ಜು ತಂಪು ಮಾಡದು. ಪೈಪಿನ ಸಂದಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳದಿದ್ದರಷ್ಟೇ ಉರಿ. ಒಳಗೆ ಯಾರೂ ಮಲಗುವಂತಿಲ್ಲ. ದಿನಕ್ಕೆ ಆರು ಸಲ ಥರ್ಮಾಮೀಟರ್: ಎರಡರ ಕೆಳಗಿಳಿಯಬಾರದು, ಎಂಟು ದಾಟಬಾರದು.

ಇವತ್ತು ಹದಿನಾರು ತೋರಿಸುತ್ತಿದೆ.

ಹೊನ್ನಕ್ಕ ಉರಿ ಆರಿಸಿ ಗಾಡಿಯ ಹಿಂದಕ್ಕೆ ಹೋಗುತ್ತಾರೆ. ಬಿಸಿ ಹೊರಹೋಗುವ ಜಾಲರಿಗೆ ಕಂಬಳಿ ತುರುಕಿದೆ.

"ಯಾರ್ದಿದು?"

"ನಂದೇ," ಎನ್ನುತ್ತಾನೆ ಜೀಪಿನ ಡ್ರೈವರ್ ತಿಪ್ಪೇರುದ್ರ. "ಸಂಜೆ ಗಾಳಿ ಜೋರಿತ್ತಕ್ಕ. ಉರಿ ಆರಿದ್ರೆ ನೀನೇ ಬೈತೀಯಂತ ಹೊದಿಸ್ದೆ."

"ಕುರಿಮರಿಗೆ ಹೊದಿಸ್ದಂಗೆ ಫ್ರಿಜ್ಜಿಗೂ ಹೊದಿಸಿದೀಯಲ್ಲಪ್ಪ. ಬಿಸಿ ಹೊರಗೆ ಹೋಗದಿದ್ರೆ ತಂಪು ಎಲ್ಲಿಂದ ಬರ್ತೈತೆ? ಒಳಗೆ ಯಾರಾನ ಮಲಗಿದ್ರೆ ಆ ಕೆಟ್ಟ ಗಾಳಿಗೆ ಏಳ್ತಾನೇ ಇರಲಿಲ್ಲ."

"ಬಿಸಿಲೇರೋ ಹೊತ್ತಿಗೆ ಆರಕ್ಕಿಳೀತೈತೆ. ಆಮೇಲೆ ಹಾಕಿದ್ರಾತು. ಯಾರಿಗೆ ಗೊತ್ತಾಗ್ತೈತೆ?"

"ಥರ್ಮಾಮೀಟರ್ ಇಳೀತೈತೆ. ಕೆಟ್ಟ ಔಷಧಿ ಒಳ್ಳೇದಾಗ್ತೈತೇನು?"

ಪಶುವೈದ್ಯ ಓಂಕಾರಮೂರ್ತಿ ಬಾಟಲಿಗಳನ್ನೆಲ್ಲ ಪಕ್ಕಕ್ಕಿಡುತ್ತಾರೆ. ಅಷ್ಟೂ ಚೆಲ್ಲುವುದೇ. ಬೇರೆ ಲಸಿಕೆ ಚಳ್ಳಕೆರೆಯಿಂದ ತರಬೇಕು, ಅದು ನಾಳೆಯ ಮಾತು. ಮಂದೆಯ ಒಡೆಯ ಚಿನ್ನಯ್ಯನ ಮುಖ ಗಂಟಿಕ್ಕುತ್ತದೆ. ಹೋದ ವರ್ಷ ರೋಗಕ್ಕೆ ನಲವತ್ತು ಕುರಿ ಕಳೆದುಕೊಂಡವನು. ಉಳಿದ ಇನ್ನೂರನ್ನು ಹೊಡೆದುಕೊಂಡು ಇವತ್ತೇ ದಾವಣಗೆರೆ ಕಡೆಗೆ ಹೊರಡಬೇಕು.

"ನಾಳೆ ಅನ್ನೋರ್ನ ಬಾಳ ಮಂದಿನ ಕಂಡೀನಿ, ಹೊನ್ನಕ್ಕ. ಅದನ್ನೇ ಹಾಕ್ಬಿಡ್ರಿ, ಅತ್ಲಾಗೆ."

"ಬರೀ ನೀರು ಹಾಕ್ಸಿಕೊಂಡು ಹೋಗ್ತೀಯಾ? ಒಂದಿನ ನಂಗೆ ಸಾಲ ಕೊಡು. ನಾಳೆ ತೀರಿಸ್ತೀನಿ."

ಚಿನ್ನಯ್ಯ ಮಂದೆಯ ಕಡೆಗೆ ತಿರುಗಿ ನಡೆಯುತ್ತಾನೆ. ಹೊನ್ನಕ್ಕ ಚಳ್ಳಕೆರೆಯ ಬಸ್ಸು ಹತ್ತುತ್ತಾರೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ, ಐಸ್ ತುಂಬಿದ ಲಸಿಕೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸಾಗುವಾಗ ದಾರಿಯುದ್ದಕ್ಕೂ ಅವರಿಗೆ ಒಂದೇ ಗುಮಾನಿ: ಚಿನ್ನಯ್ಯ ಮಂದೆ ಎಬ್ಬಿಸಿರುತ್ತಾನೆ.

ಮಂದೆ ಅಲ್ಲೇ ಇದೆ. ಚಿನ್ನಯ್ಯ ನೇರ ಬಂದು ಡಬ್ಬಿಯ ಮುಚ್ಚಳ ಎತ್ತುತ್ತಾನೆ, ಐಸನ್ನು ಬೆರಳಿನಿಂದ ಒತ್ತುತ್ತಾನೆ, ಥರ್ಮಾಮೀಟರನ್ನು ಕಣ್ಣಿಗೆ ಹಿಡಿಯುತ್ತಾನೆ.

"ಎಷ್ಟಿರ್ಬೇಕು ಅಂದಿದ್ದಿ?"

"ಎಂಟರೊಳಗೆ."

"ಐದೈತೆ." ಮುಚ್ಚಳ ಹಾಕಿ, ಮೊದಲ ಕುರಿಯ ಕಾಲು ಹಿಡಿದು ಡಾಕ್ಟರ ಕಡೆಗೆ ಎಳೆಯುತ್ತಾನೆ.

ತಿಪ್ಪೇರುದ್ರ ನಗುತ್ತಾನೆ. "ಅಕ್ಕ, ನಿನ್ನನ್ನೂ ನಂಬಲ್ವಲ್ಲ ಈ ಮನುಷ್ಯ."

"ನಂಬೋದು ಬ್ಯಾಡ," ಎನ್ನುತ್ತಾರೆ ಹೊನ್ನಕ್ಕ, ಸೆರಗಿನಿಂದ ಡಬ್ಬಿ ಒರೆಸುತ್ತ. "ಹಟ್ಟಿಗೊಬ್ಬ ಹಿಂಗೆ ಮುಚ್ಚಳ ತೆಗೆದು ನೋಡೋನಿದ್ರೆ, ನಾನು ಕಣ್ತುಂಬ ನಿದ್ದೆ ಮಾಡ್ತೀನಿ."